ಹೆನ್ಲೈನನ ಚರಿತ್ರೆಯೂ ಚರಿತ್ರಕಾರರೂ

ಜೀವನಚರಿತ್ರೆಯೆಂಬುದು ದೊಡ್ಡವರಿಗೆ ಸಲ್ಲತಕ್ಕ ಗೌರವವೆಂದು ಲೋಕದಲ್ಲಿ ಒಂದು ರೂಢಿಯುಂಟು. ಮಹಾಪುರುಷರ ಚರಿತ್ರೆಯನ್ನು ಓದಿದವರಿಗೆ ಉತ್ಸಾಹವುಂಟಾಗುತ್ತದೆ. ಮಹಾದುಷ್ಟರ ಚರಿತ್ರೆಯನ್ನು ಓದಿದವರಿಗೆ ಭಯವುಂಟಾಗುತ್ತದೆ. ಎರಡು ಬಗೆಯ ಗ್ರಂಥಗಳಿಗೂ ಕೊರತೆಯಿಲ್ಲ. ಹಿಟ್ಲರನೊಬ್ಬನನ್ನು ಕುರಿತು ಹೊರಟಿರುವ ಪುಸ್ತಕಗಳನ್ನು ಒಟ್ಟಿದರೆ ಒಂದು ದೊಡ್ಡ ಮನೆ ತುಂಬೀತು. ಆದರೆ ಮಹಾಪುರುಷನೂ ಅಲ್ಲದೆ, ಮಹಾದುಷ್ಟನೆನ್ನಿಸಿಕೊಳ್ಳುವಷ್ಟು ಸತ್ತ್ವವೂ ಇಲ್ಲದೆ, ಒಂದು ಸೀಮೆಯ ಮಟ್ಟಿಗೆ ಮುಂದಾಳಾಗಿ ಮೆರೆದು, ಆ ಸೀಮೆಯ ಜನಜೀವನವನ್ನೇ ಬುಡಮೇಲು ಮಾಡಿ ಹೋದವನ ಚರಿತ್ರೆಯನ್ನು ಬರೆಯುವುದು ಹೇಗೆ? ಬೊಹೀಮಿಯದ ಜರ್ಮನರ ನಾಯಕನಾಗಿದ್ದ ಕೊನ್ರಾಡ್ ಹೆನ್ಲೈನನನ್ನು ಕುರಿತು ಬೆಳೆದಿರುವ ಸಾಹಿತ್ಯವನ್ನು ಪರಿಶೀಲಿಸುವವರಿಗೆ ಮೊದಲು ಎದುರಾಗುವ ತೊಡಕು ಇದು.

ಆ ಸಾಹಿತ್ಯವನ್ನು ತೂಗಿನೋಡುವುದಕ್ಕೆ ಮೊದಲು ಅವನ ಜೀವನದ ಮುಖ್ಯಾಂಶಗಳನ್ನು ವಾಚಕರ ಮುಂದಿಡುವುದು ಉಚಿತ. ಹೆನ್ಲೈನ್ ಹುಟ್ಟಿದುದು 1898ನೆಯ ಇಸವಿ ಮೇ 6ರಂದು, ಉತ್ತರ ಬೊಹೀಮಿಯದ ರೈಖೆನ್‌ಬರ್ಗ್ ಪಟ್ಟಣದ ಬಳಿಯ ಮಾಫರ್ಸ್‌ಡಾರ್ಫ್ ಎಂಬ ಊರಿನಲ್ಲಿ. ಆಗ ಅದು ಆಸ್ಟ್ರಿಯ ಚಕ್ರವರ್ತಿಯ ರಾಜ್ಯ. ತಂದೆ ಲೆಕ್ಕ ಬರೆಯುವ ಗುಮಾಸ್ತ. ತಾಯಿಯ ತೌರುಮನೆಯ ಹೆಸರು ದ್ವೊರಾಚೆಕ್. ಹೆಸರೇ ಹೇಳುವಂತೆ ಅದು ಚೆಕ್ ಜನರ ಹೆಸರು. ಮುಂದೆ ರಕ್ತಶುದ್ಧಿಯ ಮಾತೇ ಮಾತಾಗಿದ್ದ ಸರ್ಕಾರದಲ್ಲಿ ಅಧಿಕಾರಿಯಾದಾಗ ಮಗನು ಅದನ್ನು ಜರ್ಮನ್ ಕಾಗುಣಿತಕ್ಕೆ ತಿರುಗಿಸಿಕೊಂಡನು. ಗಡಿನಾಡುಗಳಲ್ಲಿ ಇಂಥ ಮನೆತನಗಳು ಅಪರೂಪವಲ್ಲ. ಎರಡು ಭಾಷೆಗಳ ನಡುವೆ ಕೊಡುವುದು ತರುವುದು ತಲೆಮಾರುಗಳಿಂದ ನಡೆದುಬಂದ ಸೀಮೆ ಅದು.

ಮೊದಲನೆಯ ಮಹಾಯುದ್ಧದಲ್ಲಿ ಅವನು ಆಸ್ಟ್ರಿಯದ ಸೈನ್ಯದಲ್ಲಿದ್ದು, 1917ರಲ್ಲಿ ಇಟಲಿಯವರ ಕೈಗೆ ಸೆರೆಸಿಕ್ಕಿ, ಆಸಿನಾರ ಎಂಬ ದ್ವೀಪದಲ್ಲಿ ಯುದ್ಧ ಮುಗಿಯುವ ತನಕ ಬಂದಿಯಾಗಿದ್ದನು. ಸೆರೆಯಲ್ಲಿ ಅವನ ಮನಸ್ಸನ್ನು ಹಿಡಿದುದು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಜರ್ಮನಿಯಲ್ಲಿ ಅಂಗಸಾಧನೆಯ ಚಳುವಳಿಯನ್ನು ಆರಂಭಿಸಿದ ಫ್ರೀಡ್ರಿಕ್ ಲುಡ್ವಿಗ್ ಯಾನನ ವಿಚಾರಗಳು. ಯಾನನ ದೃಷ್ಟಿಯಲ್ಲಿ ಗರಡಿಮನೆಯೆಂದರೆ ಮೈಕಟ್ಟು ಬೆಳೆಸುವ ಜಾಗವಷ್ಟೇ ಅಲ್ಲ. ಜನಾಂಗವನ್ನು ಒಂದು ಸಾಲಿನಲ್ಲಿ ನಿಲ್ಲಿಸುವ ಜಾಗ. 1919ರಲ್ಲಿ ಹೆನ್ಲೈನ್ ಊರಿಗೆ ಹಿಂದಿರುಗಿದಾಗ ಅವನು ಬಿಟ್ಟುಹೋಗಿದ್ದ ರಾಜ್ಯವೇ ಇರಲಿಲ್ಲ. 1918ರ ಅಕ್ಟೋಬರ್ 28ರಂದು ಚೆಕೊಸ್ಲೊವಾಕಿಯ ಗಣರಾಜ್ಯ ಸ್ಥಾಪಿತವಾಗಿತ್ತು. ನೆನ್ನೆಯವರೆಗೆ ಆಳುವ ಜನಾಂಗದವರೆಂದು ತಿಳಿದಿದ್ದ ಜರ್ಮನರು ಈಗ ಅಲ್ಪಸಂಖ್ಯಾತರಾಗಿದ್ದರು. ಅವರು ಆಸ್ಟ್ರಿಯದೊಡನೆ ಸೇರಬೇಕೆಂದು ಕೋರಿ 1919ರ ಮಾರ್ಚ್ 4ರಂದು ಊರೂರುಗಳಲ್ಲಿ ಮೆರವಣಿಗೆ ನಡೆಸಿದಾಗ ಸೈನಿಕರು ಗುಂಡು ಹಾರಿಸಿದರು. ಐವತ್ತಕ್ಕೂ ಮೇಲ್ಪಟ್ಟು ಜನ ಸತ್ತರು. ಈ ದಿನಾಂಕವನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಪ್ರಸ್ತಾಪ ಬರುವುದು.

ಇಷ್ಟಾದರೂ ಆ ಜರ್ಮನರ ಸ್ಥಿತಿ ಕೇವಲ ದಾಸ್ಯವಾಗಿತ್ತೆಂದು ಭಾವಿಸಬಾರದು. 1930ರ ಜನಗಣತಿಯಂತೆ ಗಣರಾಜ್ಯದಲ್ಲಿ ಅವರ ಸಂಖ್ಯೆ ಸುಮಾರು 32 ಲಕ್ಷ. ಎಂದರೆ ಒಟ್ಟು ಜನರಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು. ಅವರಿಗೆ ಮತದಾನದ ಹಕ್ಕಿತ್ತು, ಶಾಲೆಗಳಿದ್ದವು, ಪ್ರಾಗ್ ನಗರದಲ್ಲಿ ಸ್ವಂತ ವಿಶ್ವವಿದ್ಯಾನಿಲಯವಿತ್ತು. 1926ರಿಂದ ಅವರ ಪಕ್ಷಗಳವರು ಮಂತ್ರಿಮಂಡಲದಲ್ಲಿಯೂ ಕುಳಿತಿದ್ದರು. ಅವರಿಗೆ ನಿಜವಾದ ಪೆಟ್ಟು ಬಿದ್ದುದು 1929ರ ಅನಂತರದ ವ್ಯಾಪಾರದ ಕುಸಿತದಲ್ಲಿ. ಜರ್ಮನರ ಪಟ್ಟಣಗಳು ನೆಯ್ಗೆ, ಗಾಜು, ಪಿಂಗಾಣಿಗಳ ಪಟ್ಟಣಗಳು. ಪರದೇಶದ ಗಿರಾಕಿಯನ್ನು ನಂಬಿದ ಕಸಬುಗಳು. ಹೆನ್ಲೈನ್ ಯುದ್ಧದಿಂದ ಬಂದಮೇಲೆ ಬ್ಯಾಂಕಿನ ಗುಮಾಸ್ತನಾಗಿದ್ದ ಗಾಬ್ಲೊಂಟ್ಸ್ ಎಂಬ ಊರಿನ ಗಾಜಿನ ಬಳೆಗಳೂ ಮಣಿಗಳೂ ಹಿಂದೂದೇಶದ ಪೇಟೆಗಳಿಗೂ ಬರುತ್ತಿದ್ದವೆಂಬುದನ್ನು ನೆನೆದರೆ, ನಮ್ಮ ಅಜ್ಜಿಯರ ಮುಂಗೈಗೂ ಆ ದೂರದ ಕುಲುಮೆಗೂ ಇದ್ದ ನಂಟು ತಿಳಿಯುತ್ತದೆ. ಕೊಳ್ಳುವವರು ಕಡಮೆಯಾದಾಗ ಕುಲುಮೆಗಳು ಆರಿದವು; ಕೆಲಸವಿಲ್ಲದವರು ಬೀದಿಗೆ ಬಿದ್ದರು; ಪ್ರಾಗಿನ ಸರ್ಕಾರ ತಮ್ಮನ್ನು ಬೇಕೆಂದೇ ಉಪೇಕ್ಷಿಸುತ್ತಿದೆಯೆಂಬ ನಂಬಿಕೆ ಹಬ್ಬಿತು. ಅದರಲ್ಲಿ ಸ್ವಲ್ಪ ನಿಜವೂ ಇತ್ತು.

1925ರಲ್ಲಿ ಹೆನ್ಲೈನ್ ಗಣರಾಜ್ಯದ ಪಶ್ಚಿಮದ ಕೊನೆಯ ಊರಾದ ಆಶ್‌ನಲ್ಲಿ ಅಂಗಸಾಧನೆಯ ಉಪಾಧ್ಯಾಯನಾದನು. 1931ರ ವೇಳೆಗೆ ಇಡೀ ರಾಜ್ಯದ ಜರ್ಮನ್ ಅಂಗಸಾಧನ ಸಂಘಗಳ ಮುಖ್ಯಸ್ಥನಾಗಿದ್ದನು. 1933ರಲ್ಲಿ ಹಿಟ್ಲರ್ ಪಕ್ಕದ ಜರ್ಮನಿಯ ಅಧಿಕಾರಕ್ಕೆ ಬಂದನು. ಬೊಹೀಮಿಯದಲ್ಲಿದ್ದ ನಾಜಿ ಪಕ್ಷ, ಸರ್ಕಾರದ ನಿಷೇಧಕ್ಕೆ ಹೆದರಿ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಅದೇ ಸಮಯಕ್ಕೆ, ಅಕ್ಟೋಬರ್ 1ರಂದು, ಎಗರ್ ಪಟ್ಟಣದಲ್ಲಿ ಹೆನ್ಲೈನ್ ‘ಸುಡೇಟನ್ ಜರ್ಮನರ ತಾಯ್ನಾಡಿನ ರಂಗ’ ಎಂಬ ಸಂಸ್ಥೆಯನ್ನು ಘೋಷಿಸಿದನು. ಅದು 1935ರಲ್ಲಿ ‘ಸುಡೇಟನ್ ಜರ್ಮನ್ ಪಕ್ಷ’ವೆಂದು ಹೆಸರು ಬದಲಾಯಿಸಿಕೊಂಡು, ಮೇ 19ರ ಚುನಾವಣೆಯಲ್ಲಿ ಹನ್ನೆರಡೂವರೆ ಲಕ್ಷದಷ್ಟು ಮತಗಳನ್ನು ಗಳಿಸಿತು. ರಾಜ್ಯದ ಯಾವ ಚೆಕ್ ಪಕ್ಷಕ್ಕೂ ಅಷ್ಟು ಮತಗಳು ಬೀಳಲಿಲ್ಲ. ಜರ್ಮನ್ ಮತದಾರರಲ್ಲಿ ಮೂವರಿಗಿಬ್ಬರು ಹಿಂದೆಂದೂ ರಾಜಕಾರಣದ ಗಂಧವಿಲ್ಲದ ಒಬ್ಬ ಅಂಗಸಾಧನೆಯ ಉಪಾಧ್ಯಾಯನ ಹಿಂದೆ ಹೋದರು. ವಿನೋದವೆಂದರೆ, ಪಾರ್ಲಿಮೆಂಟಿನಲ್ಲಿ 44 ಸ್ಥಾನಗಳನ್ನು ಗೆದ್ದ ಆ ಪಕ್ಷದ ನಾಯಕನು ತಾನು ಮಾತ್ರ ಯಾವ ಸ್ಥಾನಕ್ಕೂ ನಿಂತಿರಲಿಲ್ಲ. ವಾದಪ್ರತಿವಾದ ನಡೆಯುವ ಸ್ಥಳ ಅವನಿಗೆ ಒಗ್ಗುತ್ತಿರಲಿಲ್ಲ; ಸಭೆಯಲ್ಲಿ ತಲೆ ಎಣಿಸುವುದಕ್ಕಿಂತ ಬಯಲಿನಲ್ಲಿ ಸಾಲು ನಿಲ್ಲಿಸುವುದೇ ಅವನಿಗೆ ತಿಳಿದಿದ್ದ ವಿದ್ಯೆ.

ಮುಂದಿನ ಕಥೆ ಲೋಕವಿದಿತ. 1938ರ ಮಾರ್ಚ್ 28ರಂದು ಬರ್ಲಿನ್ನಿನಲ್ಲಿ ಹಿಟ್ಲರನು ಹೆನ್ಲೈನನನ್ನು ಕರೆಸಿಕೊಂಡು, ಪ್ರಾಗಿನ ಸರ್ಕಾರ ಒಪ್ಪಲಾಗದಂಥ ಬೇಡಿಕೆಗಳನ್ನೇ ಮುಂದಿಡುತ್ತಿರಬೇಕೆಂದು ಆಜ್ಞಾಪಿಸಿದನು. ಏಪ್ರಿಲ್ 24ರಂದು ಕಾರ್ಲ್ಸ್‌ಬಾದಿನಲ್ಲಿ ಎಂಟು ಬೇಡಿಕೆಗಳು ಹೊರಬಿದ್ದವು. ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಬೆನೆಷ್ ಅವುಗಳನ್ನು ಬಹುಮಟ್ಟಿಗೆ ಒಪ್ಪಿಕೊಂಡಾಗ, ಒಪ್ಪಿಗೆಯೇ ಹೆನ್ಲೈನನ ಪಕ್ಷಕ್ಕೆ ಸಂಕಟವಾಗಿ, ಬೇರೊಂದು ನೆಪ ಹುಡುಕಿ ಮಾತುಕತೆ ಮುರಿದರು. ಗಡಿಪಟ್ಟಣಗಳಲ್ಲಿ ಎದ್ದ ದಂಗೆಯನ್ನು ಸರ್ಕಾರ ಅಡಗಿಸಿತು. ನಾಯಕನು ಗಡಿ ದಾಟಿ ಜರ್ಮನಿಗೆ ಓಡಿದನು. ಆ ತಿಂಗಳ ಕೊನೆಯಲ್ಲಿ ಮ್ಯೂನಿಕ್ ಒಪ್ಪಂದವಾಯಿತು. ಹೆನ್ಲೈನ್ ಹೊಸ ಪ್ರಾಂತದ ಗೌಲೈಟರನಾಗಿ, ಎಂದರೆ ನಾಜಿ ಪಕ್ಷದ ಪ್ರಾಂತಾಧಿಪತಿಯಾಗಿ, 1939ರಿಂದ ಸರ್ಕಾರದ ಪ್ರಾಂತಾಧಿಕಾರಿಯೂ ಆಗಿ, ರೈಖೆನ್‌ಬರ್ಗಿನಲ್ಲಿ ಆರೂವರೆ ವರ್ಷ ಆಳಿದನು. 1945ರ ಮೇ 10ರಂದು ಪಿಲ್ಸನ್ ಪಟ್ಟಣದಲ್ಲಿ, ಅಮೆರಿಕದವರ ಸೆರೆಯಲ್ಲಿದ್ದಾಗ, ನರಗಳನ್ನು ಕೊಯ್ದುಕೊಂಡು ಸತ್ತನು. ಆಗ ಅವನಿಗೆ ನಲವತ್ತೇಳು ವರ್ಷ.

ಇಷ್ಟು ಸಂಗತಿಗಳಲ್ಲಿ ಚರಿತ್ರಕಾರರಿಗೆ ಜಗಳವಿಲ್ಲ. ಜಗಳವಿರುವುದು ಒಂದೇ ಪ್ರಶ್ನೆಯಲ್ಲಿ: ಇವನು ಮೊದಲಿನಿಂದಲೂ ನಾಜಿಯೇ ಆಗಿದ್ದು ವೇಷ ಹಾಕಿಕೊಂಡು ಜನರನ್ನು ವಂಚಿಸಿದನೆ? ಅಥವಾ ಸ್ವಾಯತ್ತಾಧಿಕಾರವನ್ನು ಮಾತ್ರ ಬಯಸಿದವನು ಕಾಲದ ಒತ್ತಡದಿಂದ ಹಿಟ್ಲರನ ಕಡೆಗೆ ಜಾರಿದನೆ? ಪ್ರಶ್ನೆ ಒಬ್ಬ ಮನುಷ್ಯನ ಅಂತರಂಗಕ್ಕೆ ಸೇರಿದ್ದೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಅದರ ಬೆನ್ನಿಗೆ ಮೂವತ್ತು ಲಕ್ಷ ಜನರ ಭವಿತವ್ಯ ಕಟ್ಟಿಕೊಂಡಿದೆ. ಯುದ್ಧಾನಂತರ ಚೆಕೊಸ್ಲೊವಾಕಿಯದ ಸರ್ಕಾರ ಅಲ್ಲಿಯ ಜರ್ಮನರನ್ನು ಮಕ್ಕಳು ಮುದುಕರೆನ್ನದೆ ಗಡಿಯಾಚೆಗೆ ಅಟ್ಟಿತು. ನಾಯಕನು ಆದಿಯಿಂದ ದ್ರೋಹಿ, ಅವನಿಗೆ ಮತ ಕೊಟ್ಟವರೆಲ್ಲರೂ ದ್ರೋಹಿಗಳು ಎಂಬ ವ್ಯಾಖ್ಯಾನ ಆ ಉಚ್ಚಾಟನೆಗೆ ಸಮರ್ಥನೆಯಾಯಿತು. ಪಶ್ಚಿಮ ಜರ್ಮನಿಗೆ ಹೋಗಿ ನೆಲೆಸಿದ ಉಚ್ಚಾಟಿತರ ಸಂಘಗಳಲ್ಲಿ ಇದಕ್ಕೆ ವಿರುದ್ಧವಾದ ವ್ಯಾಖ್ಯಾನ ರುಚಿಸಿತು: ನಾಯಕನು ಸಾಧು, ಚೆಕ್ ಜನರ ಹಟಮಾರಿತನವೇ ಅವನನ್ನು ಹಿಟ್ಲರನ ಬಾಗಿಲಿಗೆ ತಳ್ಳಿತು. ಆದುದರಿಂದ ಹೆನ್ಲೈನನ ಚರಿತ್ರೆಯನ್ನು ಬರೆಯಲು ಕುಳಿತವನು ಯಾವ ವಾಕ್ಯವನ್ನು ಬರೆದರೂ ಯಾವುದೋ ಒಂದು ಪಕ್ಷದ ವಕಾಲತ್ತಿನಂತೆ ಕಾಣುವ ಅಪಾಯವಿತ್ತು.

ಸಮಕಾಲೀನರ ಬರೆಹಗಳಲ್ಲಿ ಪಕ್ಷದವರು ಹೊರಡಿಸಿದ ಸ್ತುತಿಗ್ರಂಥಗಳನ್ನು ಸಾಹಿತ್ಯವೆಂದು ಎಣಿಸುವ ಅಗತ್ಯವಿಲ್ಲ. ಆದರೆ ಇಂಗ್ಲೆಂಡಿನಲ್ಲಿ ಅವನಿಂದ ಮೂಡಿದ ಅಭಿಪ್ರಾಯವನ್ನು ಬಿಟ್ಟುಬಿಡಲಾಗದು. 1935ರ ಡಿಸೆಂಬರಿನಲ್ಲಿ ಅವನು ಲಂಡನ್ನಿನ ಚ್ಯಾಟಮ್ ಹೌಸ್ ಎಂಬ ಅಂತರರಾಷ್ಟ್ರೀಯ ವಿಚಾರಸಂಸ್ಥೆಯಲ್ಲಿ ಉಪನ್ಯಾಸ ಮಾಡಿದನು. ಆಮೇಲೂ ಹಲವು ಬಾರಿ ಬಂದು ಹೋದನು. 1938ರ ಮೇ ತಿಂಗಳಲ್ಲಿ ಚರ್ಚಿಲ್, ವ್ಯಾನ್ಸಿಟಾರ್ಟ್ ಮೊದಲಾದವರನ್ನು ಕಂಡು, ತನಗೆ ಬರ್ಲಿನ್ನಿನ ಆಜ್ಞೆ ಯಾವುದೂ ಇಲ್ಲವೆಂದು ಹೇಳಿದನು. ಬರ್ಲಿನ್ನಿನಲ್ಲಿ ಆಜ್ಞೆ ಪಡೆದು ಆಗ ಎರಡು ತಿಂಗಳೂ ತುಂಬಿರಲಿಲ್ಲ. ಜರ್ಮನಿಯಲ್ಲಿ ನಾಜಿಗಳ ಕಣ್ಣಿಗೆ ಮುಳ್ಳಾಗಿದ್ದ ವ್ಯಾನ್ಸಿಟಾರ್ಟನಂಥ ಎಚ್ಚರಿಕೆಯ ಮನುಷ್ಯನೂ ಇವನನ್ನು ಮಿತವಾದಿಯೆಂದು ನಂಬಿದನು. ಕನ್ನಡಕ ಹಾಕಿದ ಮೃದುಮಾತಿನ ಉಪಾಧ್ಯಾಯನು ಸುಳ್ಳು ಹೇಳುವನೆಂದು ಯಾರಿಗೆ ತೋಚೀತು? ಅದೇ ವರ್ಷದ ಬೇಸಗೆಯಲ್ಲಿ ಜವಾಹರಲಾಲ್ ನೆಹರೂ ಅವರು ಚೆಕೊಸ್ಲೊವಾಕಿಯಕ್ಕೆ ಹೋಗಿ ಅಲ್ಲಿಯ ಸ್ಥಿತಿಯನ್ನು ಕಣ್ಣಾರೆ ನೋಡಿ, ಸೆಪ್ಟೆಂಬರಿನಲ್ಲಿ ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಗೆ ಬ್ರಿಟಿಷ್ ನೀತಿಯನ್ನು ಖಂಡಿಸಿ ಬರೆದ ಪತ್ರವನ್ನು ಇದರ ಪಕ್ಕದಲ್ಲಿಟ್ಟು ಓದಿದರೆ, ಉಪಚಾರದ ಕೋಣೆಯಲ್ಲಿ ಕಾಣದ್ದು ಹೊರಗೆ ನಿಂತವರಿಗೆ ಕಂಡಿತ್ತೆಂಬುದು ಸ್ಪಷ್ಟವಾಗುತ್ತದೆ. ಎಲಿಜಬೆತ್ ವಿಸ್ಕೆಮನ್ ಎಂಬ ವಿದುಷಿ ಅದೇ ಚ್ಯಾಟಮ್ ಹೌಸಿನ ಆಶ್ರಯದಲ್ಲಿ ಬರೆದು 1938ರಲ್ಲಿ ಪ್ರಕಟಿಸಿದ ‘ಚೆಕ್ಕರೂ ಜರ್ಮನರೂ’ ಎಂಬ ಗ್ರಂಥ ಇಂದಿಗೂ ಬೆಲೆಯುಳ್ಳದ್ದು. ಮ್ಯೂನಿಕ್ಕಿಗೆ ಮೊದಲೇ ಮುಗಿದ ಪುಸ್ತಕವಾದ್ದರಿಂದ ಅದರಲ್ಲಿ ಭವಿಷ್ಯವನ್ನು ತಿಳಿದವರ ಜಾಣ್ಮೆಯಿಲ್ಲ. ಒಂದು ಸಂಸ್ಥೆ ಹೆನ್ಲೈನನಿಗೆ ವೇದಿಕೆಯನ್ನೂ ಅವನ ಸೀಮೆಯ ವಿವೇಕಯುತವಾದ ಪರೀಕ್ಷೆಗೆ ಅಚ್ಚುಕೂಟವನ್ನೂ ಒದಗಿಸಿತು. ಅಧಿಕಾರದಲ್ಲಿದ್ದವರು ಉಪನ್ಯಾಸವನ್ನು ಕೇಳಿದಷ್ಟು ಲಕ್ಷ್ಯದಿಂದ ಗ್ರಂಥವನ್ನು ಓದಿದಂತೆ ತೋರುವುದಿಲ್ಲ.

ಯುದ್ಧಾನಂತರದ ಗ್ರಂಥಗಳಲ್ಲಿ ಅತ್ಯಂತ ತೀಕ್ಷ್ಣವಾದದ್ದು ಯೋಹಾನ್ ವೋಲ್ಫ್‌ಗಾಂಗ್ ಬ್ರ್ಯೂಗೆಲ್ ಅವರು 1967ರಲ್ಲಿ ಪ್ರಕಟಿಸಿದ ‘ಚೆಕ್ಕರೂ ಜರ್ಮನರೂ, 1918–1938’. ವಿಸ್ಕೆಮನ್ನರ ಗ್ರಂಥದ ಹೆಸರನ್ನೇ ಇದು ಹಿಂದುಮುಂದಿಲ್ಲದೆ ಹೊತ್ತಿದೆ. ಆದರೆ ಧಾಟಿ ಬೇರೆ. ಬ್ರ್ಯೂಗೆಲ್ ಮೊರಾವಿಯದ ಜರ್ಮನ್ ಸಮಾಜವಾದಿ. ಗಣರಾಜ್ಯದಲ್ಲಿ ಮಂತ್ರಿಯಾಗಿದ್ದ ಲುಡ್ವಿಗ್ ಚೆಕ್ ಎಂಬ ಸಮಾಜವಾದಿ ಮುಖಂಡರ ಕಾರ್ಯದರ್ಶಿಯಾಗಿದ್ದವರು. ಹೆನ್ಲೈನನ ಪಕ್ಷ 1935ರಲ್ಲಿ ನುಂಗಿಹಾಕಿದ್ದು ಇವರ ಪಕ್ಷದ ಮತಗಳನ್ನೇ. ಅವರ ವಾದದಲ್ಲಿ ಹೆನ್ಲೈನ್ ವೇಷಧಾರಿ. ಗಣರಾಜ್ಯದ ಕಾನೂನು ಜರ್ಮನರಿಗೆ ಬಾಳುವ ಹಾದಿಯನ್ನು ತೆರೆದಿಟ್ಟಿತ್ತು. ಆ ಹಾದಿಯಲ್ಲಿ ನಡೆದ ಜರ್ಮನರೂ ಇದ್ದರು. ಗ್ರಂಥದ ಜೀವಾಳ ಈ ಮೂರನೆಯ ಮಾತು. ‘ಬೇರೆ ದಾರಿಯಿರಲಿಲ್ಲ’ ಎಂದು ಹೇಳುವವರಿಗೆ ಬೇರೆ ದಾರಿಯಲ್ಲಿ ನಡೆದು ಬಂದವನೊಬ್ಬನು ಕೊಟ್ಟ ಉತ್ತರವದು. ಶೈಲಿಯಲ್ಲಿ ನ್ಯಾಯಸ್ಥಾನದ ವಕೀಲನ ಕಾವಿದೆ, ಎದುರಾಳಿಗೆ ಒಂದು ಅಂಗುಲ ಬಿಡದ ಹಟವಿದೆ. ಸಹೃದಯನಾದ ವಾಚಕನಿಗೆ ಕೆಲವೆಡೆ ಆಯಾಸವೂ ಆಗಬಹುದು. ದೋಷವೆಂದರೆ ಇದೊಂದೇ: ಪ್ರತಿವಾದಿಯನ್ನು ಮೊದಲ ಪುಟದಿಂದಲೇ ಅಪರಾಧಿಯೆಂದು ತಿಳಿದುಕೊಂಡುದರಿಂದ, ಅವನು ಅಪರಾಧಿಯಾದ ಬಗೆ ಹೇಗೆಂಬುದು ಇಲ್ಲಿ ಪ್ರಶ್ನೆಯೇ ಆಗುವುದಿಲ್ಲ.

ಅಮೆರಿಕದ ರೊನಾಲ್ಡ್ ಸ್ಮೆಲ್ಸರ್ ಅವರು 1975ರಲ್ಲಿ ಪ್ರಕಟಿಸಿದ ಗ್ರಂಥ ಆ ಪ್ರಶ್ನೆಯನ್ನು ಎತ್ತಿಕೊಂಡಿತು. ಹೆನ್ಲೈನನ ಸುತ್ತ ಒಂದಲ್ಲ, ಎರಡು ಗುಂಪುಗಳಿದ್ದವೆಂಬುದು ಅದರಲ್ಲಿ ವಿಶದವಾಗಿದೆ. ಒಂದು, ವಿಯೆನ್ನದ ಪ್ರಾಧ್ಯಾಪಕ ಓತ್ಮಾರ್ ಷ್ಪಾನನ ಶಿಷ್ಯರ ‘ಸಖ್ಯಸಂಘ’. ಸಮಾಜವನ್ನು ಕಸುಬುಗಳ ಶ್ರೇಣಿಗಳಾಗಿ ಕಟ್ಟಿ ಆಯ್ದ ಕೆಲವರು ಆಳಬೇಕೆಂಬ ಮತ ಅವರದು. ಇನ್ನೊಂದು, ನಿಷೇಧಕ್ಕೆ ಹೆದರಿ ಕರಗಿದ ನಾಜಿ ಪಕ್ಷದಿಂದ ಬಂದವರು. ಹೆನ್ಲೈನನ ಒಲವು ಮೊದಲನೆಯವರ ಕಡೆ. ಬರ್ಲಿನ್ನಿನಲ್ಲಿಯೂ ಒಂದೇ ಕೈಯಿರಲಿಲ್ಲ. ವಿದೇಶಾಂಗದ ಕಚೇರಿ, ಪಕ್ಷ, ಹಿಮ್ಲರನ ಎಸ್.ಎಸ್. ದಳ ಪರಸ್ಪರ ಕಾಲೆಳೆಯುತ್ತಿದ್ದವು. ಗ್ರಂಥ ಪಾಂಡಿತ್ಯಪೂರ್ಣವಾದದ್ದು. ಆದರೆ ಇದನ್ನು ಹಿಡಿದುಕೊಂಡು ‘ನೋಡಿರಿ, ಹೆನ್ಲೈನ್ ನಾಜಿಯಾಗಿರಲಿಲ್ಲ’ ಎಂದು ಸಾರಿದವರು ಒಂದು ಮಾತನ್ನು ಮರೆತರು. ನಾಜಿಯಲ್ಲವೆಂದಮಾತ್ರಕ್ಕೆ ಪ್ರಜಾಪ್ರಭುತ್ವವನ್ನು ನಂಬಿದವನೆಂದು ಆಗುವುದಿಲ್ಲ. ಷ್ಪಾನನ ಶಿಷ್ಯರಿಗೂ ಪಾರ್ಲಿಮೆಂಟೆಂದರೆ ತಾತ್ಸಾರವೇ. ನಾಯಕನ ಹಿಂದೆ ಸಾಲುಗಟ್ಟಿ ನಿಲ್ಲುವ ಜನಾಂಗವೇ ಅವರಿಗೂ ಆದರ್ಶ. ಎರಡು ಗುಂಪುಗಳ ಜಗಳ ಒಂದೇ ಹೊಲದ ಬದುವಿನ ಜಗಳ.

ಈಗ ಆಧಾರಗಳ ಮಾತು. ಹೆನ್ಲೈನನ ಅಂತರಂಗಕ್ಕೆ ಸಾಕ್ಷಿಯೆಂದು ಎಲ್ಲರೂ ಎತ್ತುವುದು ಅವನದೇ ಮೂರು ಹೇಳಿಕೆಗಳನ್ನು. ಮೊದಲನೆಯದು, 1934ರ ಅಕ್ಟೋಬರ್ 21ರಂದು ಬೋಮಿಷ್ ಲೈಪಾ ಎಂಬ ಊರಿನಲ್ಲಿ ಮಾಡಿದ ಭಾಷಣ: ಗಣರಾಜ್ಯಕ್ಕೆ ನಿಷ್ಠೆ, ವ್ಯಕ್ತಿಯ ಹಕ್ಕುಗಳಿಗೆ ಮರ್ಯಾದೆ, ನಾಜಿ ಮತಕ್ಕೂ ತನಗೂ ಅಂತರ. ಎರಡನೆಯದು, 1937ರ ನವೆಂಬರ್ 19ರಂದು ಹಿಟ್ಲರನಿಗೆ ಬರೆದ ಪತ್ರ: ತನ್ನ ಪಕ್ಷ ನಾಜಿ ಮತವನ್ನು ಮರೆಮಾಚಿಕೊಂಡು ಬಂದಿದೆ, ತನ್ನ ಸೀಮೆಯಷ್ಟೇ ಅಲ್ಲದೆ ಇಡೀ ಬೊಹೀಮಿಯ ಮೊರಾವಿಯಗಳು ಜರ್ಮನಿಗೆ ಸೇರಬೇಕೆಂಬುದೇ ತನ್ನ ಹಂಬಲ. ಮೂರನೆಯದು, 1941ರ ಮಾರ್ಚ್ 4ರಂದು ವಿಯೆನ್ನದಲ್ಲಿ ಮಾಡಿದ ಭಾಷಣ. 1919ರ ಗುಂಡಿನೇಟಿನ ವಾರ್ಷಿಕ ದಿನವದು. ಹೊರಗೆ ಗಣರಾಜ್ಯದ ಕಾನೂನಿಗೆ ತಲೆಬಾಗಿದಂತೆ ನಟಿಸುತ್ತಾ ಒಳಗಿನಿಂದ ಅದನ್ನು ಕೊರೆದುಹಾಕಿದೆವೆಂದು ಅಲ್ಲಿ ಅವನು ಹೆಮ್ಮೆಯಿಂದ ಹೇಳಿಕೊಂಡನು. ಈ ಭಾಷಣ ಯುದ್ಧಾನಂತರ ನ್ಯೂರೆಂಬರ್ಗಿನ ವಿಚಾರಣೆಯ ದಾಖಲೆಗಳಲ್ಲಿ ಸೇರಿತು. ವೇಷಧಾರಿಯೆನ್ನುವವರಿಗೆ ಇದಕ್ಕಿಂತ ಬೇರೆ ತಪ್ಪೊಪ್ಪಿಗೆ ಬೇಕಾಗಿಲ್ಲ.

ಆದರೆ ವಿಮರ್ಶಕನಾದವನು ಹೇಳಿಕೆಯನ್ನು ಓದುವುದಕ್ಕೆ ಮೊದಲು ಅದನ್ನು ಹೇಳಿದ ಹೊತ್ತನ್ನು ವಿಚಾರಿಸಬೇಕು. 1934ರಲ್ಲಿ ಅವನ ಸಂಸ್ಥೆಯನ್ನು ಸರ್ಕಾರ ಎಲ್ಲಿ ನಿಷೇಧಿಸುವುದೋ ಎಂಬ ಆತಂಕವಿತ್ತು. ಪ್ರಾಗಿನವರ ಕಿವಿಗೆ ಹಿತವಾಗುವ ಮಾತು ಬೇಕಾಗಿತ್ತು. 1937ರ ಅಕ್ಟೋಬರಿನಲ್ಲಿ ಅವನ ಆಪ್ತಮಿತ್ರನೂ ಪಕ್ಷದ ವಿದೇಶ ವ್ಯವಹಾರಗಳ ಮುಖ್ಯಸ್ಥನೂ ಆದ ಹೈನ್ಸ್ ರೂಥಾ ಆ ಕಾಲದ ಕಾನೂನು ಅಪರಾಧವೆಂದು ಎಣಿಸಿದ್ದ ಪುರುಷಪ್ರೇಮದ ಆರೋಪದಲ್ಲಿ ಬಂಧಿತನಾಗಿ, ನವೆಂಬರ್ ಮೊದಲ ವಾರದಲ್ಲಿ ಸೆರೆಮನೆಯಲ್ಲಿಯೇ ಆತ್ಮಹತ್ಯೆ ಮಾಡಿಕೊಂಡನು. ಪಕ್ಷದಲ್ಲಿ ಹೆನ್ಲೈನನ ಶತ್ರುಗಳು ತಲೆಯೆತ್ತಿದರು. ಹಿಟ್ಲರನಿಗೆ ಪತ್ರ ಹೋದುದು ಅದಾದ ಎರಡು ವಾರಕ್ಕೆ. ಇನ್ನು 1941: ಅದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ಹೈಡ್ರಿಕನ ಪೊಲೀಸರು ಸಖ್ಯಸಂಘದ ಹಳಬರನ್ನು ಒಬ್ಬೊಬ್ಬರನ್ನಾಗಿ ಹಿಡಿದಿದ್ದರು, ಹೆನ್ಲೈನನ ಬಲಗೈಯಂತಿದ್ದ ವಾಲ್ಟರ್ ಬ್ರಾಂಡ್ ಜಾಕ್ಸೆನ್‌ಹೌಸೆನ್ ಶಿಬಿರ ಸೇರಿದ್ದನು, ಹೆನ್ಲೈನನ ಸಹಾಯಕ ಗೌಲೈಟರನನ್ನು ತೆಗೆದುಹಾಕಿ ಬೇರೊಬ್ಬನನ್ನು ಕೂರಿಸಿದ್ದರು. ಹಿಂದೆಯೂ ತಾನು ಅಪ್ಪಟ ನಾಜಿಯೇ ಆಗಿದ್ದೆನೆಂದು ಸಾರಿ ಹೇಳಬೇಕಾದ ಗರಜು ಅವನಿಗೆ ಅಂದು ಇದ್ದಷ್ಟು ಎಂದೂ ಇರಲಿಲ್ಲ.

ಹೀಗಾಗಿ ಮೂರು ಸಾಕ್ಷ್ಯಗಳೂ ಕುತ್ತಿಗೆಗೆ ಬಂದಾಗ ಆಡಿದ ಮಾತುಗಳೇ. ಎದುರಿಗಿದ್ದ ಒಡೆಯನಿಗೆ ತಕ್ಕಂತೆ ಆಡಿದ ಮಾತುಗಳೇ. ಮೊದಲನೆಯದನ್ನು ನಂಬಿ ಕೊನೆಯದನ್ನು ತಳ್ಳುವುದಕ್ಕಾಗಲಿ, ಕೊನೆಯದನ್ನು ನಂಬಿ ಮೊದಲನೆಯದನ್ನು ತಳ್ಳುವುದಕ್ಕಾಗಲಿ ಮಾತುಗಳಲ್ಲೇ ಆಧಾರವಿಲ್ಲ. ಹೆನ್ಲೈನನ ಎದೆಯೊಳಗೆ ನಿಜವಾದದ್ದೊಂದು ಮತವಿತ್ತು, ಅದನ್ನು ಅಗೆದು ತೆಗೆಯುವುದೇ ಜೀವನಚರಿತ್ರಕಾರನ ಕೆಲಸ ಎಂಬ ಊಹೆಯಿಂದಲೇ ಎರಡು ಪಕ್ಷಗಳೂ ಹೊರಟಿವೆ. ಆ ಊಹೆ ಮಹಾಪುರುಷರ ಚರಿತ್ರೆಯಿಂದ ಎರವಲು ತಂದದ್ದು. ಅರ್ಥ ಒಂದಕ್ಕಿಂತ ಹೆಚ್ಚಾಗಿರುವುದೇ ಹೆನ್ಲೈನನ ಮೂಲಧನವಾಗಿತ್ತು. ಬಡ ನೆಯ್ಗೆಯವನು ಅವನ ಮಾತಿನಲ್ಲಿ ಕೆಲಸವನ್ನು ಕೇಳಿದನು, ಮಾಜಿ ನಾಜಿ ಹಿಟ್ಲರನನ್ನು ಕೇಳಿದನು, ಲಂಡನ್ನಿನ ದೊರೆ ಅಲ್ಪಸಂಖ್ಯಾತರ ನ್ಯಾಯವನ್ನು ಕೇಳಿದನು. ಸ್ಪಷ್ಟವಾಗಿ ಮಾತನಾಡಿದ್ದರೆ ಮೂವರಲ್ಲಿ ಇಬ್ಬರು ಎದ್ದುಹೋಗುತ್ತಿದ್ದರು.

ಮಾತು ಹೀಗೆ ಕೈಕೊಟ್ಟಮೇಲೆ ಉಳಿಯುವುದು ಕೃತಿ. ಅದರಲ್ಲಿ ಸಂದೇಹಕ್ಕೆ ಎಡೆ ಕಡಮೆ. 1935ರಿಂದ ಅವನ ಪಕ್ಷಕ್ಕೆ ಬರ್ಲಿನ್ನಿನ ವಿದೇಶಾಂಗದ ಕಚೇರಿಯಿಂದ ತಿಂಗಳಿಗೆ 15,000 ಮಾರ್ಕುಗಳು ಸಲ್ಲುತ್ತಿದ್ದವು; ಅದರಲ್ಲಿ 12,000 ಪ್ರಾಗಿನ ಜರ್ಮನ್ ರಾಯಭಾರ ಕಚೇರಿಯ ಮೂಲಕ ಬರುತ್ತಿತ್ತು. ಲೆಕ್ಕದ ಗುಮಾಸ್ತನ ಮಗನಿಗೆ ಆ ಹಣದ ಅರ್ಥ ತಿಳಿಯದೆ ಇರಲಿಲ್ಲ. ಚ್ಯಾಟಮ್ ಹೌಸಿನಲ್ಲಿ ಅವನು ತನ್ನ ಸ್ವಾತಂತ್ರ್ಯವನ್ನು ವರ್ಣಿಸುತ್ತಿದ್ದಾಗಲೇ ಈ ಸಂಬಳ ನಡೆದಿತ್ತೆಂಬ ಒಂದು ಸಂಗತಿ, ಅವನ ಮನೋಧರ್ಮವನ್ನು ಕುರಿತ ನೂರು ಪುಟಗಳಿಗಿಂತ ಹೆಚ್ಚಿನದನ್ನು ಹೇಳುತ್ತದೆ.

ಆಳಿದ ಕಾಲದ ಕೃತಿಗಳಿಗೆ 1999ರಲ್ಲಿ ಬಂದ ಎರಡು ಜರ್ಮನ್ ಗ್ರಂಥಗಳು ಆಧಾರ: ರಾಲ್ಫ್ ಗೇಬೆಲ್ ಅವರು ಹೆನ್ಲೈನನನ್ನೂ ಅವನ ಪ್ರಾಂತವನ್ನೂ ಕುರಿತು ಬರೆದದ್ದು, ಫೋಲ್ಕರ್ ತ್ಸಿಮ್ಮರ್‌ಮನ್ ಅವರು ಆ ಪ್ರಾಂತದ ಜನರನ್ನು ಕುರಿತು ಬರೆದದ್ದು. ಎರಡಕ್ಕೂ, 1989ರ ಅನಂತರ ಪ್ರಾಗಿನ ಸಮತಾವಾದಿ ಸರ್ಕಾರ ಬಿದ್ದು ಪತ್ರಾಗಾರಗಳು ತೆರೆದುದರ ಪ್ರಯೋಜನ ದೊರೆತಿದೆ. ಸಾಧು ನಾಯಕನ ಕಥೆ ಇಲ್ಲಿಗೆ ನಿಲ್ಲುತ್ತದೆ. 1938ರ ನವೆಂಬರಿನಲ್ಲಿ ರೈಖೆನ್‌ಬರ್ಗಿನ ಯೆಹೂದ್ಯರ ಮಂದಿರ ಸುಟ್ಟಿತು. ಯೆಹೂದ್ಯರಲ್ಲಿ ಬಹುಭಾಗದವರು ಮನೆಮಾರು ಬಿಟ್ಟು ಓಡಿದರು. ಗೌಲೈಟರನು ವಾಸಕ್ಕೆ ತೆಗೆದುಕೊಂಡ ಬಂಗಲೆಯೇ ಒಬ್ಬ ಯೆಹೂದ್ಯ ಉದ್ಯಮಿಯಿಂದ ಕಸಿದುಕೊಂಡದ್ದು. ಜರ್ಮನ್ ಸಮಾಜವಾದಿಗಳನ್ನೂ ಸಮತಾವಾದಿಗಳನ್ನೂ ಸಾವಿರಗಟ್ಟಲೆ ಹಿಡಿದು ಶಿಬಿರಗಳಿಗೆ ಕಳುಹಿಸಿದರು. ತನ್ನವರೆಂದು ಯಾರ ಹೆಸರಿನಲ್ಲಿ ಐದು ವರ್ಷ ಕೂಗಿದ್ದನೋ ಆ ಸುಡೇಟನ್ ಜರ್ಮನರೇ ಇವರು. ತನ್ನ ಹಳೆಯ ಮಿತ್ರರಿಗೆ ಕುತ್ತು ಬಂದಾಗಲೂ ಅವನು ಹುದ್ದೆಯನ್ನು ಬಿಡಲಿಲ್ಲ, ಮಿತ್ರರನ್ನು ಬಿಟ್ಟನು. 1942ರಲ್ಲಿ ಹೈಡ್ರಿಕನು ಪ್ರಾಗಿನಲ್ಲಿ ಹತನಾದ ಮೇಲೆ ಸ್ವಲ್ಪ ಉಸಿರು ಬಂದು, ಮರುವರ್ಷ ತನ್ನ ಮೇಲೆ ಹೇರಿದ್ದ ಸಹಾಯಕನನ್ನು ಕಳಚಿಕೊಂಡನು. ಸುಡೇಟನ್ ಪ್ರಾಂತದ ಸ್ವಾತಂತ್ರ್ಯಕ್ಕಾಗಿ ಹೋರಾಡಿದೆನೆಂದವನ ಹೋರಾಟ ಕೊನೆಗೆ ಉಳಿದದ್ದು ಆ ಒಂದು ಕುರ್ಚಿಗಾಗಿ.

ಗೇಬೆಲ್ ಅವರ ಗ್ರಂಥದ ಶ್ರಮ ಪ್ರಶಂಸನೀಯ. ಇನ್ನು ಮುಂದೆ ಬರೆಯುವವರು ಅದನ್ನು ದಾಟಿ ಹೋಗಲಾಗದು. ಆದರೆ ಆಡಳಿತದ ಕಡತಗಳ ನಡುವೆ ಮನುಷ್ಯನು ಮರೆಯಾಗುತ್ತಾನೆ. ಈ ಕೊರತೆಯನ್ನು ತುಂಬಿದ ಗ್ರಂಥ ಹೆನ್ಲೈನನನ್ನು ಕುರಿತದ್ದೇ ಅಲ್ಲವೆಂಬುದು ಸ್ವಾರಸ್ಯ. ಮಾರ್ಕ್ ಕಾರ್ನ್‌ವಾಲ್ ಅವರು 2012ರಲ್ಲಿ ಪ್ರಕಟಿಸಿದ ‘ದೆವ್ವದ ಗೋಡೆ’ ಎಂಬುದು ಸೆರೆಮನೆಯಲ್ಲಿ ಸತ್ತ ಆ ಹೈನ್ಸ್ ರೂಥಾನ ಚರಿತ್ರೆ. ತರುಣರನ್ನು ಕಾಡುಮೇಡುಗಳಲ್ಲಿ ನಡೆಸಿ, ಹಾಡಿಸಿ, ಶಿಸ್ತು ಕಲಿಸಿ, ಜನಾಂಗದ ಕೋಟೆಯಾಗಿ ಅವರನ್ನು ಕಟ್ಟಬೇಕೆಂಬ ರೂಥಾನ ಕನಸು, ಆ ಕನಸಿನ ಸೊಬಗು, ಅದರೊಳಗಿನ ವಿಷ, ಇವೆಲ್ಲ ಅಲ್ಲಿ ಒಟ್ಟಿಗೇ ಕಾಣುತ್ತವೆ. ರೂಥಾನನ್ನು ಬಲ್ಲವನಿಗೆ ಹೆನ್ಲೈನನು ತಾನಾಗಿ ಅರ್ಥವಾಗುತ್ತಾನೆ: ಕನಸು ಕಾಣಬಲ್ಲವನು ರೂಥಾ, ಕಂಡ ಕನಸನ್ನು ಸಾಲಿನಲ್ಲಿ ನಿಲ್ಲಿಸಬಲ್ಲವನು ಹೆನ್ಲೈನ್. ಕಾರ್ನ್‌ವಾಲ್ ಅವರು ತಮ್ಮ ನಾಯಕನ ಮೇಲೆ ಕನಿಕರ ತೋರಿದ್ದಾರೆ, ಕ್ಷಮೆ ತೋರಿಲ್ಲ. ಈ ಎರಡನ್ನೂ ಬೇರೆಬೇರೆಯಾಗಿ ಹಿಡಿದುಕೊಳ್ಳುವ ಶಕ್ತಿ ಜೀವನಚರಿತ್ರಕಾರರಲ್ಲಿ ಅಪೂರ್ವ.

ಕೆಲವರು ಹೆನ್ಲೈನನಲ್ಲಿ ರುದ್ರನಾಟಕದ ನಾಯಕನನ್ನು ಕಾಣಬಯಸಿದ್ದಾರೆ: ತನ್ನ ಜನರನ್ನು ಉದ್ಧರಿಸಹೊರಟು ಅವರ ವಿನಾಶಕ್ಕೆ ಕಾರಣನಾದವನು ಎಂದು. ಫಲವನ್ನು ನೋಡಿದರೆ ಮಾತು ಸರಿಯೆನಿಸುತ್ತದೆ. ಆದರೆ ರುದ್ರನಾಯಕನಿಗೆ ಬೀಳುವುದಕ್ಕೊಂದು ಎತ್ತರವಿರಬೇಕು. ಬೀಳುವಾಗ ತಾನು ಮಾಡಿದ್ದೇನೆಂಬ ಅರಿವಿನ ಒಂದು ಗಳಿಗೆಯಾದರೂ ಬರಬೇಕು. ಹೆನ್ಲೈನನ ಚರಿತ್ರೆಯಲ್ಲಿ ಅಂಥ ಗಳಿಗೆಯನ್ನು ಯಾವ ಚರಿತ್ರಕಾರನೂ ಎತ್ತಿ ತೋರಿಸಿಲ್ಲ. ಪಿಲ್ಸನ್ನಿನ ಮರಣವನ್ನು ಪಶ್ಚಾತ್ತಾಪವೆಂದು ಓದುವುದಕ್ಕೂ ಆಧಾರವಿಲ್ಲ. ಮುಂದೆ ಚೆಕ್ ಜನರ ನ್ಯಾಯಸ್ಥಾನವಿತ್ತು. ಅವನ ಸಹೋದ್ಯೋಗಿ ಕಾರ್ಲ್ ಹೆರ್ಮಾನ್ ಫ್ರಾಂಕನು 1946ರ ಮೇ 22ರಂದು ಪ್ರಾಗಿನಲ್ಲಿ ಗಲ್ಲಿಗೇರಿದನು.

ಬ್ರ್ಯೂಗೆಲ್ ಅವರ ಗ್ರಂಥದ ಕಾವಿಗೆ ಕಾರಣವನ್ನು ಹುಡುಕುವವರು ಇನ್ನೊಂದು ಪುಸ್ತಕದ ಕಡೆಗೂ ನೋಡಬೇಕು. ಅವರು ಯಾರ ಕಾರ್ಯದರ್ಶಿಯಾಗಿದ್ದರೋ ಆ ಲುಡ್ವಿಗ್ ಚೆಕ್ ಯೆಹೂದ್ಯ ಕುಲದವರು, ಜರ್ಮನ್ ಮಾತಿನವರು, ಗಣರಾಜ್ಯದಲ್ಲಿ ಜರ್ಮನರಿಗೂ ಚೆಕ್ಕರಿಗೂ ಒಂದೇ ಮನೆಯಲ್ಲಿ ಬಾಳಲು ಸಾಧ್ಯವೆಂದು ಮಂತ್ರಿಪದವಿಯಲ್ಲಿ ಕುಳಿತು ತೋರಿಸಹೊರಟವರು. 1942ರಲ್ಲಿ ಅವರು ತೆರೆಜೀನ್ ಶಿಬಿರದಲ್ಲಿ ತೀರಿಕೊಂಡರು. ಅವರ ಜೀವನಚರಿತ್ರೆಯನ್ನು ಬ್ರ್ಯೂಗೆಲ್ ಅವರು 1960ರಲ್ಲಿ ವಿಯೆನ್ನದಲ್ಲಿ ಅಚ್ಚು ಹಾಕಿಸಿದರು. ‘ಚೆಕ್ಕರೂ ಜರ್ಮನರೂ, 1918–1938’ ಹೊರಬಂದದ್ದು ಅದಾದ ಮೇಲೆ.